ಒಳಲೆಯ ಹಾಲು

ಹಾಲು ಮೌಳಿಯ ಬೆನ್ನ ಮೇಲೆ ನೇರವಾಗಿ ಇಳಿಯುತ್ತಿತ್ತು, ಕತ್ತಿನ ಗುಣಿಯಿಂದ ಉಡಿದಾರದವರೆಗೆ, ಎಲ್ಲೂ ನಿಲ್ಲದೆ, ಎಡಕ್ಕೂ ಬಲಕ್ಕೂ ಹೊರಳದೆ, ತೇಜಶ್ರೀ ಹೂವನ್ನು ಬಟ್ಟಲಿಗೆ ಅದ್ದಿ ಅದ್ದಿ ಸವರುತ್ತಾ ಅದನ್ನೇ ನೋಡುತ್ತಿದ್ದಳು — ಬೆನ್ನು ತಂಪಾಗಿರಲಿ, ಹೊಟ್ಟೆ ತಂಪಾಗಿರಲಿ, ಬಾಯ್ಬುಟ್ಟು ಅನ್ನೇ, ಅಮ್ಮ ಹಿಂದಿನಿಂದ ಹೇಳಿಕೊಡುತ್ತಾಳೆ, ವರ್ಷ ವರ್ಷ ನಾಗರಪಂಚಮಿಗೆ ತಂಗಿಯಾದವಳು ಅಣ್ಣನ ಬೆನ್ನು ತೊಳೆಯಬೇಕು, ತೊಳೆಯುತ್ತಲೇ ಬಂದಿದ್ದಾಳೆ, ಎಂಥಾ ಬೆನ್ನು, ಹಲಗೆಗೆ ಒರಗಿಸಿ ಬೆಳೆಸಿದಂಥ ಬೆನ್ನು. ಬಿರ್ರನೆ ಮುಗ್ಸೇ, ಅಂಗ್ಡಿ ಬಾಗ್ಲು ತೆಗೀಬೇಕು, ಮೊಬೈಲ್ ಒತ್ತುತ್ತಲೇ ಗೊಣಗಿದವನು ಕೂತಲ್ಲಿಂದ ಎದ್ದೇಬಿಟ್ಟ, ಎಷ್ಟು ಸಲೀಸು, ಕೈ ಊರಲಿಲ್ಲ, ಹಲ್ಲು ಕಚ್ಚಲಿಲ್ಲ, ತನಗೊಂದು ಬೆನ್ನಿದೆ ಅನ್ನುವುದು ಒಂದು ದಿನವಾದರೂ ಇವನ ನೆನಪಿಗೆ ಬಂದಿದೆಯೋ ಇಲ್ಲವೋ, ಅವಳಿಗಾದರೆ ಕಣ್ಣು ಬಿಡುವ ಮುಂಚೆಯೇ ಬೆನ್ನು ಎಚ್ಚರವಾಗಿರುತ್ತದೆ, ಬಲಗಡೆ ಉಬ್ಬಿದ ಪಕ್ಕೆ ಹಾಸಿಗೆಗೆ ಒತ್ತಿ ಒತ್ತಿ ಎಬ್ಬಿಸುತ್ತದೆ. ಮಿಕ್ಕಿದ್ ಹಾಲು ಚೆಲ್ಬೇಡ ಕಣೇ, ಇವತ್ತು ಅದ್ಕೆ ಕುಡುಸ್ಲೇಬೇಕು, ಒಳಲೆ ಎಲ್ಲಿಟ್ನೋ ಕಾಣೆ, ಅನ್ನುತ್ತಾ ಅಮ್ಮ, ಕೂಸುಗಳಿಗೆ ಹಾಲು ಹಾಕುವ ಆ ಮೂತಿಬಟ್ಟಲಿಗಾಗಿ ದೇವರ ಮನೆಯ ಬೀರು ತಡಕತೊಡಗಿದಳು. ಅದಕ್ಕೆ ಅಂದರೆ ಅವಳು ಡಬ್ಬದಲ್ಲಿ ಸಾಕಿರುವ ಹಾವಿಗೆ. ಬೇಡ ಅನ್ನಬೇಕು, ಈಗಲೇ, ಒಳಲೆ ಸಿಗುವ ಮುಂಚೆ.

ಅನ್ನುತ್ತಾಳೆ, ಇನ್ನೇನು ಅನ್ನುತ್ತಾಳೆ, ಎಷ್ಟು ಸಲ ಅಂದಿಲ್ಲ — ಹಾವು ಹಾಲು ಕುಡಿಯಲ್ಲಮ್ಮ, ಉಸಿರಿನ ಕೊಳವೆಗೆ ಇಳಿದರೆ ಸತ್ತೇಹೋಗುತ್ತೆ, ದನದ ಡಾಕ್ಟರು ಹೇಳಿಲ್ವಾ, ಮೊದಲು ಇದನ್ನ ಮನೇಲಿ ಇಟ್ಕೊಂಡ್ರೆ ಕೇಸಾಗುತ್ತೆ ಅಂತ ಹೆದರಿಸಿ, ಆಮೇಲೆ ಮನಸ್ಸು ಕರಗಿ ಕಿವಿಯ ಹತ್ತಿಕಡ್ಡಿಯಲ್ಲಿ ಹೇಗೆ ಉಣಿಸಬೇಕು ಅಂತ ತೋರಿಸಿಕೊಟ್ಟು, ಹಾಲೊಂದು ಹಾಕ್ಬೇಡಿ ತಾಯಿ ಅಂದಿರಲಿಲ್ವಾ. ಅಮ್ಮ ಹೂಂ ಅಂದಿದ್ದಳು, ಅಮ್ಮ ಎಲ್ಲದಕ್ಕೂ ಹೂಂ ಅನ್ನುತ್ತಾಳೆ, ಆಮೇಲೆ ಶುರು, ಡಾಕ್ಟ್ರಿಗೇನ್ ಗೊತ್ತು, ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪ ದುದ್ದದ ರಸ್ತೇಲಿ ಕೇರೆ ಮೇಲೆ ಗಾಡಿ ಹತ್ತುಸ್ಬುಟ್ರು, ಸರ್ಯಾಗಿ ನಡುಮಧ್ಯಕ್ಕೆ, ಅದೇ ನಿನ್ ನಡಕ್ಕೆ ಬಂತು, ಈಗ ಅದೇ ದುದ್ದದ ತ್ವಾಟದಲ್ಲಿ ಡೊಂಕುನಡದ್ದೇ ಒಂದು ಕೇರೆಮರಿ ನಿನ್ ಕೈಗೆ ಸಿಕ್ತು ಅಂದ್ರೆ ಸುಮ್ನೇನಾ. ಸುಮ್ಮನೆಯೇ ಸಿಕ್ಕಿದ್ದು. ತೋಟದ ತೆಂಗಿನ ಮಟ್ಟೆ ರಾಶಿ ಸರಿಸುವಾಗ ಆಳು ಭೀಮ ಗುದ್ದಲಿ ಎತ್ತಿದ್ದ, ದೂರ ನಿಂತ್ಕಳಿ ಅಕ್ಕಾವ್ರೆ, ಒಂದೇ ಏಟಿಗೆ ಆಕ್ಬುಡ್ತೀನಿ, ಮಿಕ್ಕ ಮರಿಗಳೆಲ್ಲ ಸರಸರ ಹರಿದು ಪಾರಾದವು, ಇದೊಂದು ಮಾತ್ರ ಹರಿಯಲು ಹೋಗಿ ಇದ್ದಲ್ಲೇ ಸುತ್ತುತ್ತಿತ್ತು, ನಡುವಿನಲ್ಲಿ ಎರಡು ಕಡೆ ಮೂಳೆ ಮಡಚಿಕೊಂಡು, ತಲೆ ಮುಂದಕ್ಕೆ ಅಂದರೆ ಬಾಲ ಪಕ್ಕಕ್ಕೆ ಅನ್ನುತ್ತಿತ್ತು, ನೋಡಿ ಅವಳಿಗೆ ನಗು ಬಂದಿತ್ತು. ಕರುಣೆ ಅಲ್ಲ, ನಗು. ತನಗಿಂತ ಡೊಂಕಾದದ್ದು ಒಂದು ಲೋಕದಲ್ಲಿದೆ ಅನ್ನುವ ಹಿಗ್ಗು. ಊಟದ ಡಬ್ಬಿಯಲ್ಲಿ ಹಾಕಿಕೊಂಡು ಹಾಸನಕ್ಕೆ ತಂದಳು, ಪ್ಲಾಸ್ಟಿಕ್ ಡಬ್ಬಕ್ಕೆ ತೂತು ಹೊಡೆದಳು, ಪೇಪರ್ ಹಾಸಿದಳು, ಅಪ್ಪನ ಗೊಬ್ಬರದ ಗೋಡೌನಿನಲ್ಲಿ ಇಲಿಗೂಡು ಹುಡುಕಿ ಕಣ್ಣು ಬಿಡದ ಕೆಂಪು ಮರಿಗಳನ್ನು ತಂದು ನೆಲಕ್ಕೆ ಒಮ್ಮೆ ಬಡಿದು ಹಾವಿನ ಬಾಯಿಗೆ ತುರುಕುವುದನ್ನು ಕಲಿತಳು, ಮೊದಲ ಸಲ ವಾಂತಿ ಬಂತು, ಆಮೇಲೆ ಬರಲಿಲ್ಲ. ಗಂಟಲು ದಾಟಿದ ತುತ್ತು ಮಡಿಕೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು, ಹೆಬ್ಬೆರಳಲ್ಲಿ ಸವರಿ ಸವರಿ ಆಚೆಗೆ ದಾಟಿಸಬೇಕು, ಮೂಳೆ ಬೆರಳಿಗೆ ತಗಲುತ್ತಿತ್ತು, ಅಮ್ಮ ಹರಳೆಣ್ಣೆ ಹಚ್ಚಿ ತೇಜಶ್ರೀಯ ಬೆನ್ನನ್ನು ಹೀಗೆಯೇ ತೀಡುತ್ತಿದ್ದಳು, ಸರಿಹೋಯ್ತದೆ ಮಗಾ, ಸರಿಹೋಯ್ತದೆ, ಅವಳೂ ಹಾವಿಗೆ ಹಾಗೇ ಅನ್ನುತ್ತಿದ್ದಳು, ಸರಿಹೋಗುವುದಿಲ್ಲ ಅಂತ ಗೊತ್ತಿದ್ದೇ ಅನ್ನುತ್ತಿದ್ದಳು, ಅದಕ್ಕೆ ಅವಳಿಲ್ಲದೆ ಗತಿಯಿಲ್ಲ, ಲೋಕದಲ್ಲಿ ಯಾರಿಗಾದರೂ ಅವಳಿಲ್ಲದೆ ಗತಿಯಿಲ್ಲ ಅಂತಿದ್ದರೆ ಅದು ಈ ಹುಳುವಿಗೆ. ಅದು ಮಾತ್ರ ಸಿಕ್ಕಾಗಲೆಲ್ಲ ಅವಳ ಬೆರಳು ಕಚ್ಚುತ್ತಿತ್ತು.

ಸಿಕ್ತು ಕಣೇ ಒಳಲೆ, ಉಣಸೆಹಣ್ಣಾಕಿ ತಿಕ್ಕೊಂಡ್ ಬತ್ತೀನಿ, ನೀನು ಅದ್ನ ಈಚೆಗೆ ತೆಗಿ — ಅಮ್ಮನ ದನಿಯಲ್ಲಿ ಎಷ್ಟು ದಿನವಾಯಿತು ಇಂಥ ಲವಲವಿಕೆ ಕೇಳಿ, ಬೆಳಗ್ಗೆ ಚನ್ನರಾಯಪಟ್ಟಣದಿಂದ ಫೋನು ಬಂದಾಗ ಇದೇ ಅಮ್ಮ ಒಲೆ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಹಬ್ಬದ ದಿನವೇ ಮಾಡಬೇಕಿತ್ತೇ ಆ ಫೋನು. ಆಯ್ತು ಬುಡಿ, ಋಣ ಇರ್ಲಿಲ್ಲ, ಅಪ್ಪ ಇಷ್ಟೇ ಅಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಹೋದ ವಾರ ಹೆಣ್ಣು ನೋಡಲು ಬಂದಿದ್ದರು, ಹುಡುಗ ರಜನೀಶ, ಅವನ ತಾಯಿ ನೀಲಾಂಬಿಕೆ, ಕೂತ ಫೋಟೋ ನೋಡಿ ಒಪ್ಪಿ ಬಂದವರು, ಉಪ್ಪಿಟ್ಟು ಕೇಸರಿಬಾತು ತಿಂದ ಮೇಲೆ ಆಯಮ್ಮ ಕೈ ಒರೆಸಿಕೊಂಡು, ಒಂಚೂರು ಓಡಾಡವ್ವ ನೋಡಣ, ಅಂದಳು, ತೇಜಶ್ರೀ ಓಡಾಡಿದಳು, ಬಾ ಮಗಾ ಇಲ್ಲಿ ಅಂತ ಆಯಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಂಡು ಬೆನ್ನು ಸವರಿದಳು, ಮೇಲಿಂದ ಕೆಳಗೆ, ನಿಧಾನವಾಗಿ, ಉಬ್ಬಿನ ಹತ್ತಿರ ಕೈ ನಿಂತಿತು, ಮತ್ತೊಮ್ಮೆ ಸವರಿ ಖಾತ್ರಿ ಮಾಡಿಕೊಂಡಿತು, ರಜನೀಶ ಸೀಲಿಂಗ್ ಫ್ಯಾನು ನೋಡುತ್ತಿದ್ದ. ಬೆಳಗಿನ ಫೋನಿನಲ್ಲಿ ಅದೇ ಆಯಮ್ಮ, ಹುಡ್ಗಿ ಒಳ್ಳೇಳೇ, ನಾಳೆ ಹುಟ್ಟೋ ಮಕ್ಳು ಹಿಂಗೇ ಆಗ್ಬುಟ್ರೆ ಯಾರ್ ಜವಾಬ್ದಾರಿ, ಅಂದಳು. ಅದು ಕೇಳಿ ತೇಜಶ್ರೀ ಅಳಲಿಲ್ಲ, ನೇರವಾಗಿ ಡಬ್ಬದ ಹತ್ತಿರ ಹೋದಳು, ಇಲಿಮರಿ ಹಾಕಿ ಹತ್ತಿಕಡ್ಡಿಗೆ ಕೈ ಚಾಚುವಷ್ಟರಲ್ಲಿ — ಟಪ್ಪನೆ, ಅದು ತಾನೇ ಹಾರಿ ಹಿಡಿಯಿತು. ತಾನೇ ನುಂಗಿತು. ತುತ್ತು ಮಡಿಕೆಗೆ ಬಂದು ನಿಂತಿತು, ಹೆಬ್ಬೆರಳು ಕಾಯುತ್ತಿತ್ತು, ಅದು ಡಬ್ಬದ ಗೋಡೆಗೆ ಮೈ ಒತ್ತಿ ಒದರಿ ತಾನೇ ಒಂದು ಮಡಿಕೆ ದಾಟಿಸಿತು, ಎರಡನೆಯದನ್ನೂ ದಾಟಿಸಿತು, ನಾಲಿಗೆ ಚಾಚಿ ಅವಳನ್ನು ನೋಡಿತು. ಬದುಕುತ್ತದೆ ಇನ್ನು. ಡೊಂಕು ನಡುವಿಟ್ಟುಕೊಂಡೇ ಉದ್ದವಾಗುತ್ತದೆ, ಪೊರೆ ಬಿಡುತ್ತದೆ, ಯಾವುದೋ ಬೇಲಿಯಲ್ಲಿ ಜೋಡಿಯನ್ನೂ ಹುಡುಕಿಕೊಳ್ಳುತ್ತದೆ, ಅದರ ಬೆನ್ನು ಸವರಿ ನೋಡುವ ಅತ್ತೆ ಯಾವ ಹುತ್ತದಲ್ಲೂ ಇಲ್ಲ. ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು, ಹಸಿ ಹಸಿ ಹೊಟ್ಟೆಕಿಚ್ಚು, ಅನ್ನ ಹಾಕಿದ ಕೈ ಬೇಡವಾಯಿತೇನೋ ನಿನಗೆ, ಡೊಂಕಿ ಅನ್ನಿಸಿಕೊಂಡು ಇಸ್ಕೂಲು ಮುಗಿಸಿದವಳು ನಾನು, ಬೆನ್ನಿಗೆ ಬೆಲ್ಟು ಬಿಗಿದು ಚರ್ಮ ಸುಲಿಸಿಕೊಂಡವಳು ನಾನು, ಸರಿಹೋದದ್ದು ನೀನು. ಮಕ ನೋಡೇ ಅದರದ್ದು, ಏನ್ ಗೆಲುವಾಗೈತೆ, ತಾನೇ ತಿಂತಾ, ನಾನೇಳ್ಲಿಲ್ವಾ, ದೋಷ ಕಳೀತಾ ಐತೆ, ಇನ್ ಹಾಲು ಕುಡುದ್ರೆ ಮುಗೀತು, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದದ್ದು ಆಗಲೇ.

ಈಗ ಅದು ಕೈಯಲ್ಲಿದೆ, ತಣ್ಣಗೆ, ಬಾಲ ಮಣಿಕಟ್ಟಿಗೆ ಸುತ್ತಿಕೊಂಡಿದೆ, ಎರಡು ಬೆರಳಿನ ನಡುವೆ ಕತ್ತು, ದವಡೆಯ ಮೂಲೆ ಒತ್ತಿದರೆ ಬಾಯಿ ತೆರೆಯುತ್ತದೆ, ಊರಲ್ಲಿ ಇನ್ನಾರಿಗೂ ಬಾರದ ವಿದ್ಯೆ. ಅಮ್ಮ ಚಕ್ಕಳಮಕ್ಕಳ ಹಾಕಿ ಕೂತಳು, ಒಳಲೆ ಫಳಫಳ ಅನ್ನುತ್ತಿದೆ, ನೀನೂ ಇದ್ರಲ್ಲೇ ಕುಡ್ದಿದ್ದು ಕಣೇ. ಬೇಡ ಅನ್ನಬೇಕು. ಎರಡೇ ಅಕ್ಷರ. ಅಂದರೆ ಅಮ್ಮ ಮತ್ತೆ ಒಲೆ ಮುಂದೆ ಹೋಗಿ ಕೂರುತ್ತಾಳೆ, ಅನ್ನದಿದ್ದರೆ ಅಮ್ಮನ ಕೈಯಾರೆ ಸಾಯುತ್ತದೆ, ಸಾಯಲಿ, ಅಮ್ಮನ ಕೈಯಾರೆಯೇ ಸಾಯಲಿ, ಸರಿಹೋಯ್ತದೆ ಸರಿಹೋಯ್ತದೆ ಅಂತ ತೀಡಿದ ಕೈ, ಬಂದವರ ಮುಂದೆಲ್ಲ ನಡೆಸಿ ತೋರಿಸಿದ ಕೈ, ಆ ಕೈಗೂ ಗೊತ್ತಾಗಲಿ — ಬಾಯ್ ಬುಡುಸೇ, ಅಮ್ಮ ಅಂದಳು. ಬೆರಳು ಒತ್ತಿತು. ಬಾಯಿ ತೆರೆಯಿತು, ಒಳಗೆಲ್ಲ ತಿಳಿಗೆಂಪು, ನಾಲಿಗೆಯ ಹಿಂದೆ ಉಸಿರಿನ ಸಣ್ಣ ಕಂಡಿ, ಮುಚ್ಚಿ ತೆರೆದು ಮಾಡುತ್ತಿದೆ, ಅವಳಿಗೆ ಅದು ಗೊತ್ತು, ತುತ್ತು ತುರುಕುವಾಗೆಲ್ಲ ಆ ಕಂಡಿ ತಪ್ಪಿಸಿಯೇ ತುರುಕಿದ್ದಳು, ಒಳಲೆಯ ಮೂತಿ ಅದರ ಮೇಲಕ್ಕೇ ಬಂದು ಬಾಗಿತು. ಬಿಳಿ. ಮೈ ಒಮ್ಮೆ ಸೆಟೆಯಿತು, ಇಷ್ಟು ನೇರವಾಗಿ ಅದು ಯಾವತ್ತೂ ನಿಂತದ್ದಿಲ್ಲ, ಮಡಿಕೆಗಳೂ ಬಿಚ್ಚಿಕೊಂಡವೇನೋ ಅನ್ನಿಸುವಷ್ಟು. ಕುಡೀತು! ಕುಡೀತು ಕಣೇ ತೇಜು, ನೋಡ್ದಾ, ಎಂಗ್ ನೆಟ್ಗಾಯ್ತು ನೋಡ್ದಾ, ಅಮ್ಮ ಒಳಲೆ ಕಣ್ಣಿಗೊತ್ತಿಕೊಂಡಳು, ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಹಾವಿನ ಮೂಗಿನ ತುದಿಯಲ್ಲಿ ಹಾಲಿನದೊಂದು ಗುಳ್ಳೆ, ಉಬ್ಬಿತು, ಇಳಿಯಿತು. ಈಗ ತಲೆಕೆಳಗು ಹಿಡಿದು ಕೊಡವಿದರೆ ಹಾಲು ಸುರಿದುಹೋಗುತ್ತದೆ, ಡಾಕ್ಟರು ಅದನ್ನೂ ಹೇಳಿದ್ದರು, ಇನ್ನೂ ಹೊತ್ತಿದೆ, ಗುಳ್ಳೆ ಉಬ್ಬಿತು, ಇಳಿಯಿತು, ಮಣಿಕಟ್ಟಿನ ಸುತ್ತು ಸಡಿಲವಾಗುತ್ತಿದೆ. ಇನ್ನೊಂದ್ ಗುಟುಕು ಹಾಕ್ಲೇನೇ, ಅಮ್ಮ ಕೇಳಿದಳು, ಮಗಳ ಮುಖವನ್ನೇ ನೋಡುತ್ತಾ, ಆಸೆಯಿಂದ. ಹಾಕಮ್ಮ, ಅಂದಳು ತೇಜಶ್ರೀ. ಗುಳ್ಳೆ ಉಬ್ಬಿತು, ಇಳಿಯಿತು, ಉಬ್ಬಿತು, ಕಿಟಕಿಯ ಬೆಳಕೆಲ್ಲ ಅದರೊಳಗೆ, ತೆಳ್ಳಗೆ, ದುಂಡಗೆ, ಉಬ್ಬಿತು, ಇನ್ನೇನು ಇಳಿಯಬೇಕು, ಇಳಿಯಬೇಕು, ಉಬ್ಬಿಯೇ ಇದೆ