ನಿಂಬೆಮರದ ಮನೆಯೋ, ಗಾಲಿಯ ಮನೆಯೋ

ವೀಬೆಯ ಹುಟ್ಟುಹಬ್ಬಕ್ಕೆ ಬಂದವರೆಲ್ಲ ಮೊದಲು ಅವನ ಕೈ ಕುಲುಕಿದರು. ಆಮೇಲೆ, ನಮ್ಮ ಕಡೆಯ ಪದ್ಧತಿಯಂತೆ, ನನ್ನ ಕೈ ಕುಲುಕಿ, "ಗಂಡನ ಹುಟ್ಟುಹಬ್ಬಕ್ಕೆ ಅಭಿನಂದನೆ, ರೂಲಿ" ಎಂದರು. ಆಮೇಲೆ ತಮ್ಮತಮ್ಮಲ್ಲೇ ಅಭಿನಂದಿಸಿಕೊಂಡು, ದುಂಡಗೆ ಹಾಕಿದ್ದ ಕುರ್ಚಿಗಳಲ್ಲಿ ಕೂತು, ಕಾಫಿಯ ಜೊತೆ ಒಂದೊಂದೇ ತುಂಡು ಕೇಕ್ ತಿಂದರು. ಎರಡನೆಯ ಸುತ್ತಿನ ಕಾಫಿ ಬರುವ ಮೊದಲೇ ನನ್ನ ನಾದಿನಿ ಹಿಸ್ಕೆ ಬಾಯಿಬಿಟ್ಟಳು.

"ಏನೋ ವೀಬೆ, ಬಸ್ಸಿನ ಕೆಲಸ ಬಿಟ್ಟಾಯ್ತು. ಮುಂದೆ? ಪೋರ್ಚುಗಲ್ಲಾ, ಕ್ಯಾರವಾನಾ?"

"ಪೋರ್ಚುಗಲ್" ಎಂದ ವೀಬೆ.

"ಕ್ಯಾರವಾನ್" ಎಂದೆ ನಾನು.

ಎರಡೂ ಒಟ್ಟಿಗೇ ಹೊರಬಿದ್ದವು. ಕೋಣೆಯೆಲ್ಲ ನಗು.

ನಮ್ಮೂರು ಮೆಪ್ಪೆಲ್‌ನಿಂದ ಸುತ್ತಲಿನ ಹಳ್ಳಿಗಳಿಗೆ ಓಡುವ ಬಸ್ಸನ್ನು ವೀಬೆ ತನ್ನ ಜೀವಮಾನವಿಡೀ ಓಡಿಸಿದವನು. ನಿವೃತ್ತನಾದ ಅವನಿಗೆ ಇನ್ನು ಒಂದು ಕಡೆ ಕೂರಬೇಕು. ಪೋರ್ಚುಗಲ್‌ನ ಬೆಟ್ಟದೂರಿನಲ್ಲಿ ಒಂದು ಮನೆ ಹುಡುಕಿದ್ದ. ಮುಂದೆ ಎರಡು ನಿಂಬೆಮರ, ಅವುಗಳ ಕೆಳಗೆ ಕಲ್ಲಿನ ಬೆಂಚು. ಮಾರುವ ಹೆಂಗಸು ಈಸ್ಟರ್‌ವರೆಗೆ ಕಾಯುತ್ತೇನೆಂದಿದ್ದಳು. ಫೋಟೋಗಳು ನನಗೂ ಇಷ್ಟವಾಗಿದ್ದವು. ಆದರೆ ಫೋಟೋ ನೋಡುವಾಗ ಅದರಲ್ಲಿ ಇಲ್ಲದ್ದೇ ನನ್ನ ಕಣ್ಣಿಗೆ ಬೀಳುತ್ತದೆ. ಡಾಕ್ಟರು ಎಲ್ಲಿ? ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಯಾವ ರಸ್ತೆಯಲ್ಲಿ ಓಡುವುದು? ಪಕ್ಕದ ಮನೆಯವರು ನಮ್ಮ ಬಗ್ಗೆ ಆಡಿಕೊಂಡರೆ ನನಗೆ ತಿಳಿಯುವುದು ಹೇಗೆ? ಹೆದರುವವರಿಗೆ ನಿಂತ ಮನೆಯೇ ವಾಸಿ ಎಂದು ಜನ ಅಂದುಕೊಳ್ಳುತ್ತಾರೆ. ನಾನು ಹಾಗಲ್ಲ. ಹೊರಡುವ ದಾರಿ ಕಣ್ಣೆದುರಿಗಿದ್ದರೆ ಮಾತ್ರ ನೆಮ್ಮದಿಯಾಗಿ ಕೂರಬಲ್ಲೆ. ಜಾಗ ಸರಿಬರಲಿಲ್ಲವೋ, ಬೆಳಿಗ್ಗೆ ಕ್ಯಾರವಾನನ್ನು, ಆ ಗಾಲಿಯ ಮನೆಯನ್ನು, ಕಾರಿಗೆ ಕಟ್ಟಿಕೊಂಡು ಹೊರಟರಾಯಿತು.

"ಕ್ಯಾರವಾನೇ ಒಳ್ಳೇದು" ಎಂದ ಹಿಸ್ಕೆಯ ಗಂಡ ಡುರ್ಕ್. "ಆಲೂಗಡ್ಡೆ ಮನೆಯಿಂದಲೇ ಒಯ್ಯಬಹುದು."

"ಆಲೂಗಡ್ಡೆ ಒಂದೇನಾ? ನೀನು ಫ್ರಾನ್ಸಿಗೆ ನಮ್ಮನೆ ನಲ್ಲಿ ನೀರೂ ಹೊತ್ತಿದ್ದೆಯಲ್ಲೋ!" ಎಂದಳು ಹಿಸ್ಕೆ.

"ಅಲ್ಲಿನ ನೀರಲ್ಲಿ ಕಾಫಿ ಕುಡಿದಿದ್ರೆ ನೀನೂ ಹೊರ್ತಿದ್ದೆ."

ವೀಬೆ ಲೋಟ ಕೆಳಗಿಟ್ಟ. "ಕೇಳಿ ಎಲ್ರೂ. ಸ್ಟಿಯರಿಂಗ್ ಹಿಡಿದು ಹಿಡಿದು ನನ್ನ ಕೈ ಹಾಗೇ ಬಾಗಿಹೋಗಿದೆ. ಇನ್ನು ನಾನು ಹಿಡಿಯಲ್ಲ. ಕ್ಯಾರವಾನ್ ಬೇಕಾದ್ರೆ ರೂಲಿನೇ ಎಳೀಲಿ."

ಮತ್ತೆ ನಗು, ಈ ಸಲ ಇನ್ನೂ ಜೋರಾಗಿ. "ರೂಲಿನಾ? ಕಾರು ಹಿಂದಕ್ಕೆ ತೆಗೀಬೇಕಾದ್ರೆ ಇವಳು ಮೊದಲು ಇಳಿದು ಒಂದು ಪ್ರದಕ್ಷಿಣೆ ಹಾಕ್ತಾಳೆ!" ಎಂದಳು ಹಿಸ್ಕೆ.

ಸುಳ್ಳೇನಲ್ಲ. ಕೆಲವೊಮ್ಮೆ ಎರಡು ಹಾಕುತ್ತೇನೆ.

"ಸರಿ, ನಾನೇ ಎಳೀತೀನಿ" ಎಂದೆ.

ನಾವು ನೋಡಿಟ್ಟಿದ್ದ ಕ್ಯಾರವಾನ್ ಭಾರದ್ದು. ಅದನ್ನು ಎಳೆಯಲು ಬೇರೆಯೇ ಪರವಾನಗಿ ಬೇಕು, ಅದಕ್ಕೊಂದು ಪರೀಕ್ಷೆ ಇದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಏನಂದೆ?" ಎಂದ ವೀಬೆ.

"ಈಸ್ಟರ್ ಒಳಗೆ ಪರೀಕ್ಷೆ ಪಾಸಾದ್ರೆ ಕ್ಯಾರವಾನ್. ಫೇಲಾದ್ರೆ ನಿನ್ನ ನಿಂಬೆಮರದ ಕೆಳಗೆ ಬಂದು ಕೂರ್ತೀನಿ. ಒಂದು ಮಾತೂ ಆಡಲ್ಲ."

"ಒಂದು ಮಾತೂ ಆಡಲ್ವಂತೆ!" ಡುರ್ಕ್ ಎದ್ದೇ ನಿಂತ. "ಒಪ್ಕೊಳೋ ವೀಬೆ! ಇಂಥ ಅವಕಾಶ ಮತ್ತೆ ಸಿಗಲ್ಲ!"

ವೀಬೆ ಕೈ ಚಾಚಿದ. ನಾನು ಕುಲುಕಿದೆ. ನನಗೆ ಪರಿಚಯವಿದ್ದ ಆ ಭಯ ಮಾತ್ರ ಬರಲಿಲ್ಲ.

ಕಲಿಸಿದವಳು ಫೆನ್ನಾ ಎಂಬ ಹುಡುಗಿ, ಊರಾಚೆಯ ಗೋದಾಮುಗಳ ನಡುವಿನ ಖಾಲಿ ರಸ್ತೆಗಳಲ್ಲಿ. "ಸ್ಟಿಯರಿಂಗನ್ನ ಕೆಳಗಡೆ ಹಿಡ್ಕೊಳ್ಳಿ. ಹಿಂದಿನ ಗಾಡಿ ಯಾವ ಕಡೆ ಹೋಗ್ಬೇಕೋ ಕೈನ ಆ ಕಡೆ ತಳ್ಳಿ. ಅಷ್ಟೇ. ಯೋಚನೆ ಮಾಡ್ಬೇಡಿ."

ಯೋಚನೆ ಮಾಡದಿರುವುದು ನನಗೆ ಯಾವ ಕಾಲೇಜೂ ಕಲಿಸದ ವಿದ್ಯೆ. ಮೊದಮೊದಲು ಗಾಡಿ ಮೊಂಡು ಹಸುವಿನ ಹಾಗೆ ತಳ್ಳಿದ ಕಡೆ ಬಿಟ್ಟು ಬೇರೆಲ್ಲ ಕಡೆಗೂ ತಿರುಗಿತು. ಒಂದು ಮಧ್ಯಾಹ್ನ, ಗಾಳಿ ಬೀಸುತ್ತಿದ್ದಾಗ, ಕೈಯನ್ನು ಇಷ್ಟೇ ಇಷ್ಟು ತಳ್ಳಿದೆ. ಅಷ್ಟು ದೊಡ್ಡ ಗಾಡಿ ಮೂಲೆ ತಿರುಗಿ, ಡ್ರಾಯರ್ ಮೇಜಿನೊಳಗೆ ಸರಿಯುವ ಹಾಗೆ ನೇರವಾಗಿ ಜಾಗಕ್ಕೆ ಸೇರಿಕೊಂಡಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

"ಏನಾಯ್ತು?" ಎಂದಳು ಫೆನ್ನಾ.

"ಇನ್ನೊಂದು ಸಲ ಮಾಡ್ಲಾ?"

ಅಂದಿನಿಂದ ನನಗೆ ಅದೇ ಹುಚ್ಚು. ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣವನ್ನು ಮೆಣಸಿನ ಡಬ್ಬಿಗೆ ಗಾಡಿಯ ಹಾಗೆ ಸೇರಿಸಿ, ತಟ್ಟೆಯ ಸುತ್ತ ಹಿಂದಕ್ಕೆ ತಳ್ಳುತ್ತಿದ್ದೆ. ವೀಬೆ ಪೇಪರಿನ ಹಿಂದೆ ಕೂತಿರುತ್ತಿದ್ದ. ನಾನು ಸೋತರೆ ಅವನಿಗೆ ಲಾಭ, ಆದ್ದರಿಂದ ಬಾಯಿ ಬಿಡುವುದಿಲ್ಲ ಎಂದು ಶಪಥ ಮಾಡಿದ್ದ.

"ಬೇಗ ತಿರುಗಿಸಿದೆ" ಎಂದ ಒಂದು ದಿನ.

"ಏನೂ ಹೇಳಲ್ಲ ಅಂದ್ಯಲ್ಲ?"

"ನಿನಗೆಲ್ಲಿ ಹೇಳಿದೆ? ಮೆಣಸಿನ ಡಬ್ಬಿಗೆ ಹೇಳಿದೆ."

ಪರೀಕ್ಷೆ ಈಸ್ಟರ್‌ನ ಹಿಂದಿನ ವಾರ. ಪರೀಕ್ಷಕರು ಉದ್ದನೆಯ ಮನುಷ್ಯ, ಮಾತು ಕಡಿಮೆ. ಗಾಡಿಯನ್ನು ಕಾರಿಗೆ ಕಟ್ಟಿದೆ. ಕೊಂಡಿ ಎಳೆದು ನೋಡಿದೆ. ದೀಪಗಳನ್ನು ನೋಡಿದೆ. ಊರೊಳಗೆ ಹೋದೆವು, ಹೆದ್ದಾರಿಯಲ್ಲಿ ಬಂದೆವು. ಕೊನೆಗೆ ಒಂದು ಬಡಾವಣೆಯಲ್ಲಿ, "ಈ ಮೂಲೆ ಬಳಸಿ ಹಿಂದಕ್ಕೆ ತಗೊಳ್ಳಿ" ಎಂದರು.

ಅರ್ಧ ದಾರಿಗೆ ಬಂದಿದ್ದೆ. ಎರಡು ಕನ್ನಡಿಯಲ್ಲೂ ರಸ್ತೆ ಖಾಲಿ. ಆದರೂ ಮನಸ್ಸು ಒಪ್ಪಲಿಲ್ಲ. ಹಿಸ್ಕೆಯ ನಗು ಕಿವಿಯಲ್ಲಿ ಕೇಳಿಸಿತು. ನಕ್ಕರೆ ನಗಲಿ ಎಂದುಕೊಂಡೆ.

"ಇಳಿದು ನೋಡ್ಲಾ?"

"ನೋಡಬಹುದು."

ಕನ್ನಡಿಗೆ ಕಾಣದ ಜಾಗದಲ್ಲಿ, ಗಾಡಿಯ ಬೆನ್ನಿಗೇ ಒಬ್ಬ ಮುದುಕ ಸೈಕಲ್ ನಿಲ್ಲಿಸಿಕೊಂಡು ಜೇಬಿನಲ್ಲಿ ರಿಂಗಾಗುತ್ತಿದ್ದ ಫೋನು ತಡಕಾಡುತ್ತಿದ್ದ.

"ಯಜಮಾನ್ರೇ, ಸ್ವಲ್ಪ ಸರೀತೀರಾ?"

"ಯಾಕಮ್ಮ, ನೀನು ಈ ಕಡೆ ಬರ್ತಿದೀಯಾ?"

"ಬರ್ತಿದೀನಿ!" ಎಂದೆ. ಆ ಮಾತು ಹೇಳುವಾಗ ನನಗಾದ ಖುಷಿಗೆ ನಾನೇ ಬೆರಗಾದೆ.

ಮತ್ತೆ ಕೂತೆ. ಕೈಯನ್ನು ಕೆಳಗಿಟ್ಟು, ತಳ್ಳಿದೆ. ಗಾಡಿ ಫುಟ್‌ಪಾತಿನ ಪಕ್ಕ ಗೆರೆ ಎಳೆದಂತೆ ಬಂದು ನಿಂತಿತು.

ಕಚೇರಿಗೆ ಮರಳಿದ ಮೇಲೆ ಪರೀಕ್ಷಕರು ಕೇಳಿದರು: "ಅಲ್ಲಿ ಇಳಿದಿರಲ್ಲ, ಏನಾದ್ರೂ ಕಂಡಿತ್ತಾ?"

"ಇಲ್ಲ. ಕಂಡಿರಲಿಲ್ಲ, ಅದಕ್ಕೇ ಇಳಿದೆ."

ಅವರ ಮುಖದಲ್ಲಿ ಮೊದಲ ಸಲ ನಗು ಮೂಡಿತು. "ಪಾಸಾಗಿದ್ದೀರಿ" ಎಂದರು.

ವೀಬೆ ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದ. ನನ್ನ ಮುಖ ನೋಡಿಯೇ ತಿಳಿದುಕೊಂಡ. ಎದ್ದು ಬಂದು ನನ್ನನ್ನು ನೆಲದಿಂದ ಎತ್ತಿಬಿಟ್ಟ. ಆದರೆ ಏಳುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವನ ಭುಜಗಳು ಇಳಿದಿದ್ದವು. ಅದು ನನ್ನ ಕಣ್ಣಿಗೆ ಬಿತ್ತು. ಮನೆ ಬೇಡವೆಂದು ಪೋರ್ಚುಗಲ್‌ನ ಹೆಂಗಸಿಗೆ ಅವನೇ ಫೋನು ಮಾಡಿದ. ನಾನು ಗಾಜಿನಾಚೆ ನಿಂತು, ಅವನು ತಲೆ ಆಡಿಸುತ್ತ ಮಾತಾಡುವುದನ್ನು ನೋಡಿದೆ.

"ವೀಬೆ, ಬೇಕಾದ್ರೆ ಇನ್ನೊಂದು ಸಲ ಯೋಚನೆ ಮಾಡೋಣ" ಎಂದೆ.

"ಸುಮ್ನಿರೇ. ಗೆದ್ದೋಳು ನೀನು. ಆದ್ರೆ ಒಂದು ಹೇಳ್ತೀನಿ, ನಾನು ಪಕ್ಕದಲ್ಲಿ ಕೂತು ಹಾರ್ನ್ ಕೂಡ ಮುಟ್ಟಲ್ಲ."

ಕ್ಯಾರವಾನನ್ನು ಅಂಗಡಿಯಿಂದ ಮನೆಗೆ ತರುವ ರಸ್ತೆ ಅವನ ಹಳೆಯ ಬಸ್ಸಿನ ದಾರಿಯೇ. ಅವನು ಮೌನವಾಗಿ ಕೂರುತ್ತಾನೆ, ಮನಸ್ಸಿನಲ್ಲೇ ಬ್ರೇಕು ಒತ್ತುತ್ತಾನೆ ಎಂದು ನಾನು ಹೆದರಿದ್ದೆ. ಎರಡನೆಯ ಹಳ್ಳಿಗೆ ಬರುವಷ್ಟರಲ್ಲಿ ಗಾಜಿಗೆ ಮೂಗು ಒತ್ತಿದ್ದ.

"ರೂಲಿ, ಆ ಮನೆ ಹಿಂದೆ ಒಂದು ಕೊಳ ಇದೆ! ಯಾವಾಗಿಂದ?"

"ಮೊದಲಿಂದಲೂ."

"ಕುದುರೆಗಳು! ಎಷ್ಟೊಂದು ಮರಿ ನೋಡೇ!"

"ನಾನು ನೋಡೋ ಹಾಗಿಲ್ಲ ಕಣೋ, ಓಡಿಸ್ತಿದೀನಿ."

"ಹೌದಲ್ಲ!" ಎಂದು ನಕ್ಕ. "ಅದೇ ನೋಡು. ನಾನೂ ನೋಡಿರ್ಲಿಲ್ಲ."

ಕಾಲುವೆಯ ಹತ್ತಿರ ಗಂಟೆ ಬಾರಿಸಿ ಅಡ್ಡಗೋಲು ಇಳಿಯಿತು. ದೋಣಿಗೆ ದಾರಿ ಬಿಡಲು ಸೇತುವೆ ಏಳತೊಡಗಿತು. ಬಸ್ಸು ತಡವಾಗುವುದೆಂದು ಅವನು ಈ ಸೇತುವೆಗೆ ಹಾಕಿದಷ್ಟು ಶಾಪ ಯಾರಿಗೂ ಹಾಕಿರಲಿಲ್ಲ. ನಾನು ಬ್ರೇಕು ಹಾಕಿ ತಿರುಗುವಷ್ಟರಲ್ಲಿ ಅವನು ಬಾಗಿಲು ತೆರೆದಿದ್ದ.

"ಎಲ್ಲಿಗೋ?"

"ದೋಣಿ ನೋಡ್ಕೊಂಡು ಬರ್ತೀನಿ!"

ಕಂದು ಹಾಯಿಯ ಹಳೆಯ ದೋಣಿ. ವೀಬೆ ಕಂಬಿಗೆ ಒರಗಿ, ಅದರಲ್ಲಿದ್ದವರಿಗೆ ಕೈಬೀಸಿ ಏನೋ ಕೂಗಿದ. ಅವರೂ ಕೂಗಿದರು. ಸೇತುವೆ ಇಳಿಯಿತು, ಅಡ್ಡಗೋಲು ಎದ್ದಿತು. ಹಿಂದಿನಿಂದ ಒಂದು ಹಾರ್ನ್, ಆಮೇಲೆ ಸಾಲು ಸಾಲು. ಬೆನ್ನಿಗೆ ಒಂದು ಮನೆಯನ್ನೇ ಕಟ್ಟಿಕೊಂಡಿದ್ದ ನಾನು ಪಕ್ಕಕ್ಕೆ ಸರಿಯುವಂತಿರಲಿಲ್ಲ. ಗಾಜು ಇಳಿಸಿ ತಲೆ ಹೊರಹಾಕಿದೆ.

"ಬಸ್ಸು ಹೊರಟಿದೆ! ಹತ್ತೋರು ಬೇಗ ಹತ್ತಿ!"

ಅವನು ಟೋಪಿ ಹಿಡಿದುಕೊಂಡು, ಮುಖ ಕೆಂಪಾಗಿಸಿಕೊಂಡು ಓಡಿ ಬಂದು ಪಕ್ಕದಲ್ಲಿ ಕುಸಿದ.

"ಅವರು ಬೇಸಗೆ ಪೂರ್ತಿ ಹೀಗೇ ಹೋಗ್ತಾರಂತೆ ಕಣೇ!"

"ಎಲ್ಲಿಗೆ?"

"ಅಯ್ಯೋ, ಕೇಳೋದೇ ಮರೆತೆ!"

ಬೆಲ್ಟು ಹಾಕಿಕೋ ಎಂದೆ. ಕನ್ನಡಿ ನೋಡಿದೆ, ಒಂದೇ ಸಲ. ಗಾಡಿ ಬಿಟ್ಟೆ.