ನೀವೇ ಮಾತಾಡ್ಕಳಿ

ಹೊಂಗಡಹಳ್ಳದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ವೆಂಕಟೇಶನಿಗೂ ಹೆಂಡತಿ ಮೀನಾಕ್ಷಮ್ಮನಿಗೂ ಎರಡು ತಿಂಗಳಿಂದ ಮಾತಿಲ್ಲ. ತವರಿನ ಮದುವೆಗೆ ಕಳಿಸಲಿಲ್ಲವೆಂದು ಅವಳ ಮುನಿಸು, ಎದುರಾಡಿದಳೆಂದು ಇವನ ಬಿಗುಮಾನ. ಮಾತೆಲ್ಲ ಎಂಟನೇ ಕ್ಲಾಸಿನ ಮಗಳು ಚಂದ್ರಿಕಾಳ ಮೂಲಕ.

"ಚಂದ್ರಿ, ನಿಮ್ಮಪ್ಪಂಗೆ ಹೇಳು, ಸೌದೆ ಇಲ್ಲ."

"ನಿಮ್ಮವ್ವಂಗೆ ಹೇಳು, ನಂಗೂ ಕಣ್ಣೈತೆ."

ಇಬ್ಬರೂ ಇರುವುದು ಒಂದೇ ಅಡುಗೆಮನೆಯಲ್ಲಿ! ಹೇಳಿದರೆ ಅಪ್ಪನ ಗದರಿಕೆ, ಹೇಳದಿದ್ದರೆ ಅವ್ವನ ಕಣ್ಣೀರು. ಹುಡುಗಿಗೆ ದಿನಾ ಹೊಟ್ಟೆನೋವು. ಕ್ಲಾಸಿನಲ್ಲಿ ಹೆಸರು ಕರೆದರೆ ಬೆಚ್ಚುತ್ತಿದ್ದಳು. ಲೆಕ್ಕದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು.

"ನಿಮ್ಮವ್ವಂಗೆ ಹೇಳು, ನಿನ್ನ ಸ್ಕೂಲ್ ಬಿಡಿಸ್ಬುಡ್ತೀನಿ" ಎಂದ ವೆಂಕಟೇಶ. ಆ ಸುದ್ದಿಯನ್ನೂ ಚಂದ್ರಿಕಾಳೇ ಹೊತ್ತಳು.

ಖಾಲಿ ಹಾಳೆ ಕಂಡ ಲೆಕ್ಕದ ನಾಜಿಮಾ ಟೀಚರ್ ಬೈಯಲಿಲ್ಲ. ಎಲ್ಲರೆದುರು ಕೇಳಲೂ ಇಲ್ಲ. ಊಟದ ಬಿಡುವಿನಲ್ಲಿ ಜಗಲಿಗೆ ಕರೆದು, "ಮನೇಲಿ ಏನ್ ನಡೀತಿದೆ ಪುಟ್ಟಿ?" ಎಂದರು.

ಚಂದ್ರಿಕಾ ಅಪ್ಪನ ಕೆಮ್ಮು, ಅವ್ವ ಪಾತ್ರೆ ಕುಕ್ಕುವ ಸದ್ದು ಸಮೇತ ಇಬ್ಬರನ್ನೂ ಆಡಿ ತೋರಿಸಿದಳು. ಟೀಚರ್ ನಕ್ಕರು. ನಡುವೆ ಮಾತು ಹೊರುವ ತನ್ನ ಪಾತ್ರದ ಸರದಿ ಬಂದಾಗ ಹುಡುಗಿ ಅತ್ತುಬಿಟ್ಟಳು.

"ತಪ್ಪು ನಿಂದಲ್ಲ. ಅವರ ಮಾತು ಹೊರಲ್ಲ ಅನ್ನೋ ಹಕ್ಕು ನಿಂಗೈತೆ. ನಾನು ಅವರ ಹತ್ರ ಮಾತಾಡ್ಲಾ?"

ಚಂದ್ರಿಕಾ ಹೂಂ ಎಂದು ತಲೆಯಾಡಿಸಿದಳು.

ಶನಿವಾರ ಟೀಚರ್ ಕರೆಸಿದ್ದಕ್ಕೆ ಗಂಡಹೆಂಡತಿ ಸ್ಕೂಲಿಗೆ ಬಂದು ಬೆಂಚಿನ ಎರಡು ತುದಿಯಲ್ಲಿ ಕೂತರು, ನಡುವೆ ಚಂದ್ರಿಕಾ.

"ನಮ್ಮನೆ ಜಗಳಕ್ಕೂ ಲೆಕ್ಕಕ್ಕೂ ಏನ್ ಸಂಬಂಧ ಟೀಚರ್? ತಲೆ ಇದ್ರೆ ತಾನೆ!" ಎಂದ ವೆಂಕಟೇಶ.

"ತಲೆ ಚೆನ್ನಾಗೈತೆ. ಅದರ ತುಂಬ ನೀವಿಬ್ರೇ ಕೂತಿದ್ದೀರ. ಲೆಕ್ಕ ಎಲ್ಲಿ ಕೂರ್ಬೇಕು ಹೇಳಿ?"

ಮೀನಾಕ್ಷಮ್ಮ ಕಣ್ಣೊರೆಸಿಕೊಂಡು, "ಚಂದ್ರಿ, ನಿಮ್ಮಪ್ಪಂಗೆ ಹೇಳು..."

"ಹೇಳಲ್ಲ!" ಚಂದ್ರಿಕಾ ಎದ್ದು ನಿಂತಳು. "ಅಲ್ಲೇ ಕೂತವ್ರೆ, ನೀನೇ ಹೇಳು. ಅಪ್ಪ, ನೀನೂ ಅಷ್ಟೆ. ನಾನು ಸ್ಕೂಲೂ ಬಿಡಲ್ಲ, ನಿಮ್ಮ ಮಾತೂ ಹೊರಲ್ಲ."

ಮಗಳನ್ನು ಗದರಿಸಲಿ ಎಂದು ವೆಂಕಟೇಶ ಟೀಚರ್ ಮುಖ ನೋಡಿದ. ಅವರು ಹೋಗಿ ಹುಡುಗಿಯ ಪಕ್ಕ ನಿಂತರು.

ವೆಂಕಟೇಶ ಕೆಮ್ಮಿದ. "ಮೀನಾಕ್ಷಿ... ಸ್ಕೂಲ್ ಬಿಡ್ಸಲ್ಲ ಬುಡು."

"ಅಬ್ಬಾ, ನನ್ನೆಸ್ರು ನೆನಪೈತಾ!"

ಮನೆಗೆ ವಾಪಸಾಗುವ ಬಸ್ಸಿನಲ್ಲಿ ಇಬ್ಬರೂ ಆ ಮದುವೆಯ ವಿಷಯಕ್ಕೆ ನೇರವಾಗಿ, ಕಂಡಕ್ಟರ್ ತಿರುಗಿ ನೋಡುವಷ್ಟು ಜಗಳವಾಡಿದರು. ಹಿಂದಿನ ಸೀಟಿನಲ್ಲಿ ಚಂದ್ರಿಕಾ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು.

ಮೇಷ್ಟ್ರೇ, ಟೀಚರಮ್ಮನವರೇ, ಖಾಲಿ ಹಾಳೆ ಕೊಟ್ಟ ಮಗುವನ್ನು ಗದರಿಸುವ ಮೊದಲು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿ. ಕೇಳಿದ್ದನ್ನು ಊರಿಗೆಲ್ಲ ಹಂಚಬೇಡಿ. ಅಪ್ಪ ಅವ್ವಂದಿರೇ, ಜಗಳ ನಿಮ್ಮದು, ನೀವೇ ಆಡಿಕೊಳ್ಳಿ. ಮಕ್ಕಳೇ, ದೊಡ್ಡವರ ಜಗಳದ ಮೂಟೆ ಹೊರಿಸಲು ಬಂದರೆ ಹೊರಬೇಡಿ. ನಿಮ್ಮ ಕಡೆ ನಿಲ್ಲುವ ಟೀಚರ್ ಹತ್ತಿರ ಹೋಗಿ, ಬಾಯಿಬಿಟ್ಟು ಹೇಳಿ.