ಮೊಳಕ್ಕೊಂದು ಕೆಂಪು ನೂಲು

ದರ್ಜಿಯ ಅಂಗಡಿಯಲ್ಲಿ ನೆಲದ ಮೇಲೆ ಒಂದೆಳೆ ನೂಲೂ ಬಿದ್ದಿರುವಂತಿಲ್ಲ. ಬಿದ್ದರೆ ಅವನು ಮಿಷನ್ ನಿಲ್ಲಿಸಿ, ಬಗ್ಗಿ ಹೆಕ್ಕಿ, ಮೇಜಿನ ಕಾಲಿಗೆ ಕಟ್ಟಿದ ಬಟ್ಟೆಚೀಲಕ್ಕೆ ಹಾಕಿಯೇ ಮುಂದಿನ ಹೊಲಿಗೆ. ಚಕ್ರಕ್ಕೆ ನೂಲು ಸುತ್ತಿಕೊಂಡರೆ ಮಿಷನ್ನಿನ ಕಥೆ ಮುಗೀತು ಅನ್ನುವುದು ಮೂವತ್ತು ವರ್ಷದ ಪಾಠ. ಆದರೆ ಆ ಬೆಳಿಗ್ಗೆ ಕೋಟಿನ ತೋಳು ಸೂಜಿಯಡಿಯಲ್ಲೇ ಉಳಿದಿತ್ತು, ಕಾಲಬುಡದಲ್ಲಿ ನೂಲು ಚೆಲ್ಲಿತ್ತು. ಅವನು ಮೂರನೇ ಸಲ ಮಗಳಿಗೆ ಫೋನು ಮಾಡಿದ್ದ.

"ನನ್ನ ಗಿರಾಕಿ ಎಲ್ಲಿದ್ದಾಳೆ?"

"ನಿನ್ನೆ ಇದ್ದಲ್ಲೇ ಇದ್ದಾಳಪ್ಪ. ಒಂದು ಅಡಿನೂ ಸರಿದಿಲ್ಲ."

ಗಿರಾಕಿ ಅಂದರೆ ಒಂದು ಮೀನುಗಿಡುಗ. ಮಗಳಿಗೆ ಪಕ್ಷಿ ಅಧ್ಯಯನ ಕೇಂದ್ರದಲ್ಲಿ ಕೆಲಸ. ಬೇಸಿಗೆಯಲ್ಲಿ ಉತ್ತರದ ಗೂಡುಗಳಿಗೆ ಹೋಗಿ ಹಕ್ಕಿಗಳ ಬೆನ್ನಿಗೆ ಪುಟ್ಟದೊಂದು ಯಂತ್ರ ಕಟ್ಟಿ ಬರುತ್ತಾರೆ. ಚಳಿಗೆ ಮೊದಲು ಹಕ್ಕಿ ದಕ್ಷಿಣಕ್ಕೆ ಹೊರಟರೆ ಆ ಯಂತ್ರ ದಿನಕ್ಕೆರಡು ಸಲ ತಾನಿರುವ ಜಾಗ ಹೇಳುತ್ತದೆ. ಯಂತ್ರ ಕಟ್ಟುವ ಪಟ್ಟಿಯನ್ನು ಈ ವರ್ಷ ಹೊಲಿದುಕೊಟ್ಟವನು ದರ್ಜಿಯೇ. ಪಟ್ಟಿಗಳು ಎದೆಯ ಮೇಲೆ ಕೂಡುವಲ್ಲಿ ಹತ್ತಿಯ ನೂಲೇ ಹಾಕಬೇಕು. ಕೆಲವು ವರ್ಷಕ್ಕೆ ಅದು ಸವೆದು, ಪಟ್ಟಿ ತಾನಾಗಿ ಕಳಚಿ ಬೀಳುತ್ತದೆ. "ಮೂಗಿಗಿಂತ ಮೂಗುತಿ ಭಾರ ಆಗಲ್ವೇನೇ?" ಎಂದು ಹೆಂಡತಿ ಮಗಳನ್ನು ಕೇಳಿದ್ದಳು. ದರ್ಜಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ತನ್ನ ಹೊಲಿಗೆ ಹಾಕಿಕೊಂಡು ಇಷ್ಟು ದೂರ ಹೋದವರು ಬೇರೆ ಯಾರಿದ್ದಾರೆ?

ಎರಡು ವಾರ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೊಬೈಲಿನ ನಕ್ಷೆಯಲ್ಲಿ ಅವಳ ಚುಕ್ಕೆ ನೋಡಿದ. ಗಿರಾಕಿ ಬೆಟ್ಟ ದಾಟಿದಳು, ಒಂದು ಬಿರುಗಾಳಿ ತಪ್ಪಿಸಿಕೊಂಡಳು. ಮೂರು ದಿನದ ಹಿಂದೆ ಊರಾಚೆಯ ಜಲಾಶಯಕ್ಕೇ ಬಂದಿಳಿದಾಗ ಅವನು ಅಂಗಡಿಗೆ ಬಂದವರಿಗೆಲ್ಲ ಚಹಾ ತರಿಸಿ ಕುಡಿಸಿದ. ಈಗ ನಿನ್ನೆ ಮಧ್ಯಾಹ್ನದಿಂದ ಆ ಚುಕ್ಕೆ ಅಲ್ಲಾಡುತ್ತಿಲ್ಲ.

"ನಾನು ಬಿಗಿ ಹೊಲಿದುಬಿಟ್ನೇನಮ್ಮಾ?" ಅವನು ಮಿಷನ್ ಬಿಟ್ಟು ಎದ್ದ. "ಹೊಟ್ಟೆ ತುಂಬ ತಿಂದ ಮೇಲೆ ಎದೆ ಹಿಡ್ಕೊಂಡಿರಬಹುದಾ?"

"ಗೊತ್ತಿಲ್ಲಪ್ಪ. ನಾನು ಹೊರಟಿದ್ದೀನಿ."

"ನಿಲ್ಲು, ನಾನೂ ಬಂದೆ." ಜೇಬಿಗೆ ಸಣ್ಣ ಕತ್ತರಿ ಹಾಕಿಕೊಂಡು ಅವನು ಬಾಗಿಲೆಳೆದ.

ಬಸ್ಸಿನಲ್ಲಿ ಅರ್ಧ ಗಂಟೆ ಅವನು ಗಾಳಿಯಲ್ಲೇ ಪಟ್ಟಿಯನ್ನು ಮತ್ತೆ ಮತ್ತೆ ಹೊಲಿದ. ಹನ್ನೆರಡು ಹೊಲಿಗೆ ಹಾಕಿದ್ದೆನೋ, ಹದಿನಾಲ್ಕೋ? ಹಕ್ಕಿ ಸತ್ತರೆ ಮಗಳ ವರ್ಷದ ಕೆಲಸ ಹೋಗುತ್ತದೆ, ಅದೂ ಅಪ್ಪನ ಕೈಯಿಂದ.

ಜಲಾಶಯ ಅವನಿಗೆ ಹೊಸದಲ್ಲ. ಪ್ರತಿ ಭಾನುವಾರ ಅಲ್ಲಿ ಗಾಳ ಹಾಕುತ್ತಾನೆ. ನೀರಿನ ಆಳ ತಿಳಿಯಲೆಂದು ಗಾಳದ ನೈಲಾನ್ ದಾರಕ್ಕೆ ಮೊಳಕ್ಕೊಂದರಂತೆ ಕೆಂಪು ನೂಲು ಕಟ್ಟುತ್ತಾನೆ. ಅಳತೆಯಿಲ್ಲದೆ ದರ್ಜಿಯ ಕೈ ಏನನ್ನೂ ಮುಟ್ಟುವುದಿಲ್ಲ. ಆದರೆ ದಾರ ಗಂಟಾದರೆ ಕತ್ತರಿಸಿ ಅಲ್ಲೇ ಎಸೆಯುತ್ತಾನೆ. ಮಗಳು ಒಮ್ಮೆ ತಡೆದದ್ದಕ್ಕೆ, "ಅಷ್ಟು ದೊಡ್ಡ ನೀರಿಗೆ ಒಂದೆಳೆ ದಾರ ಯಾವ ಲೆಕ್ಕ?" ಎಂದು ನಕ್ಕಿದ್ದ.

ದಡದಲ್ಲಿ ಅವನ ಭಾನುವಾರದ ಜೊತೆಗಾರ, ಸೈಕಲ್ ಶಾಪಿನವನು, ಕೂತಿದ್ದ. ವಿಷಯ ಕೇಳಿ ಅವನೂ ಎದ್ದ. ಮಗಳು ಫೋನು ಹಿಡಿದು ಮುಂದೆ, ಇವರಿಬ್ಬರು ಹಿಂದೆ. ಕೆಸರಿನಲ್ಲಿ ನಿಂತಿದ್ದ ಒಣಮರದ ತಗ್ಗಿನ ಕೊಂಬೆಯಲ್ಲಿ ಹಕ್ಕಿ ಒಂದೇ ಕಾಲಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು.

ದರ್ಜಿ ಕೆಸರಿನ ಅಂಚಿಗೆ ಓಡಿದ. ಅಷ್ಟರಲ್ಲಿ ರೆಕ್ಕೆಯೊಂದು ಮೆಲ್ಲಗೆ ಬಡಿಯಿತು.

"ಜೀವ ಇದೆ!" ಮಗಳು ಮೊಣಕಾಲುದ್ದದ ಕೆಸರಿಗಿಳಿದು ಹಕ್ಕಿಯ ತಲೆಗೆ ಟವೆಲು ಮುಚ್ಚಿ ಎದೆಗವುಚಿಕೊಂಡಳು. ಪಟ್ಟಿಯ ಅಡಿಗೆ ಬೆರಳು ತೂರಿಸಿ ನೋಡಿದಳು. "ಬೆರಳು ಸಲೀಸಾಗಿ ಹೋಗ್ತಿದೆ. ನಿನ್ನ ಹೊಲಿಗೆ ಸರಿಯಾಗೇ ಇದೆಯಪ್ಪ. ಕಾಲಿಗೆ ಗಾಳದ ದಾರ ಸುತ್ತಿದೆ. ಬೇಗ ಕತ್ತರಿಸು!"

ಹೋದ ಜೀವ ಬಂದಂತಾಗಿ ದರ್ಜಿ ಕತ್ತರಿ ತೆಗೆದ. ದಾರ ಕಾಲಿನ ಮಾಂಸಕ್ಕೆ ಇಳಿದಿತ್ತು. ಕೊಂಬೆಯ ಕಡೆ ಕತ್ತರಿಸಿ, ತುದಿ ಹಿಡಿದು, ಕಾಲಿನ ಸುತ್ತುಗಳನ್ನು ಒಂದೊಂದಾಗಿ ಬಿಡಿಸುತ್ತ ಬಂದ. ಬೆರಳಿಗೆ ಏನೋ ತಡೆಯಿತು. ಬಿಸಿಲಿಗೆ ಬಣ್ಣ ಮಾಸಿದ ಕೆಂಪು ನೂಲಿನ ಗಂಟು. ಅದರಿಂದ ಸರಿಯಾಗಿ ಒಂದು ಮೊಳಕ್ಕೆ ಇನ್ನೊಂದು.

ಸೈಕಲ್ ಶಾಪಿನವನೂ ನೋಡಿದ. ಹಕ್ಕಿಯನ್ನೆತ್ತಿಕೊಂಡು ಮಗಳು ಮುಂದೆ ಹೋದ ಮೇಲೆ ಪಿಸುಗುಟ್ಟಿದ: "ಸುಮ್ನಿರು ಮಾರಾಯ. ಇಲ್ಲಿ ದಾರ ಬಿಸಾಡದವರು ಯಾರಿದ್ದಾರೆ? ಬೇಕು ಅಂತ ಮಾಡಿದ್ದಲ್ವಲ್ಲ. ಹೇಳಿದರೆ ಮಗಳ ಮುಂದೆ ನಿನ್ನ ಮಾನ ಹೋಗುತ್ತೆ, ಅಷ್ಟೇ."

ದರ್ಜಿ ದಾರವನ್ನು ಮುದುರಿ ಜೇಬಿಗಿಟ್ಟ.

ಕೇಂದ್ರದಲ್ಲಿ ಹಕ್ಕಿಯ ಗಾಯಕ್ಕೆ ಮದ್ದು ಹಚ್ಚಿದರು. ಕಾಲು ಉಳಿಯುತ್ತದೋ ಇಲ್ಲವೋ ಎರಡು ದಿನ ನೋಡಬೇಕೆಂದರು. ಆ ಎರಡು ದಿನ ದರ್ಜಿಗೆ ಊಟ ಸೇರಲಿಲ್ಲ. "ನಿಮ್ಮ ಹೊಲಿಗೆದು ತಪ್ಪಿಲ್ಲ ಅಂದ್ರಲ್ಲ, ಇನ್ನೇನು?" ಎಂದು ಹೆಂಡತಿ ಗದರಿದಳು. ಅವಳ ಮಾತಿಗೂ ಅವನು ಕುಂಬಳಕಾಯಿ ಕಳ್ಳನ ಹಾಗೆ ಜೇಬು ಮುಟ್ಟಿ ನೋಡಿಕೊಂಡ.

ಮೂರನೇ ಬೆಳಿಗ್ಗೆ ಹಕ್ಕಿ ಎರಡೂ ಕಾಲೂರಿ ನಿಂತು ಮೀನು ತಿಂದಿತು ಎಂದು ಸುದ್ದಿ ಬಂತು. ದರ್ಜಿ ಕೇಂದ್ರಕ್ಕೆ ಹೋದಾಗ ಮಗಳು ವರದಿ ಬರೆಯುತ್ತಿದ್ದಳು.

"ಕಾರಣದ ಮುಂದೆ ಏನಂತ ಬರೆದಿದ್ದೀಯ?"

"ಯಾರೋ ಬಿಸಾಡಿದ ಗಾಳದ ದಾರ ಅಂತ."

ದರ್ಜಿ ಜೇಬಿನಿಂದ ದಾರ ತೆಗೆದು ಅವಳ ಕಾಗದದ ಮೇಲಿಟ್ಟು, ಮೊಳದುದ್ದಕ್ಕೆ ಬಿಡಿಸಿದ. ಚಿಕ್ಕಂದಿನಲ್ಲಿ ಆ ಕೆಂಪು ಗಂಟುಗಳನ್ನು ಎಣಿಸುತ್ತ ಅವನ ಪಕ್ಕ ಕೂತಿರುತ್ತಿದ್ದವಳು ಅವಳೇ. ಅವಳ ಪೆನ್ನು ನಿಂತಿತು.

"ಯಾರೋ ಅಂತ ಬರೀಬೇಡ ಕಣಮ್ಮ."

"ಮತ್ತೆ ಏನಂತ ಬರೀಲಿ?"

"ನಮ್ಮಪ್ಪ ಅಂತ ಬರಿ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಪೆನ್ನು ಮತ್ತೆ ಹಿಡಿದು "ಯಾರೋ" ಅನ್ನುವುದನ್ನು ಹೊಡೆದುಹಾಕಿದಳು.

ಶನಿವಾರ ಹಕ್ಕಿಯನ್ನು ಬಿಟ್ಟರು. ಭಾನುವಾರ ಬೆಳಗಿನ ಚುಕ್ಕೆ ಬರಲಿಲ್ಲ. ದರ್ಜಿ ಗಾಳ ಮನೆಯಲ್ಲೇ ಬಿಟ್ಟು, ಮೇಜಿನ ಕಾಲಿಗಿದ್ದ ಬಟ್ಟೆಚೀಲ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಜಲಾಶಯಕ್ಕೆ ನಡೆದ. ಮುಳ್ಳುಗಿಡದಿಂದ, ಬೇರಿನಿಂದ, ಕಲ್ಲಿನ ಸಂದಿಯಿಂದ ದಾರ ಬಿಡಿಸಿ ಬಿಡಿಸಿ ತುಂಬಿದ. ಆಗಾಗ ಕೆಂಪು ಗಂಟು ಸಿಕ್ಕುತ್ತಿತ್ತು. ಗಾಳ ಹಾಕುತ್ತಿದ್ದವರು ಮೊದಲು ನಕ್ಕರು. ಸೈಕಲ್ ಶಾಪಿನವನು ನಗಲಿಲ್ಲ. ತನ್ನ ಕಾಲಬುಡದ ಗಂಟುದಾರವನ್ನು ತಂದು ಚೀಲಕ್ಕೆ ಹಾಕಿದ.

ಸಂಜೆಯ ಹೊತ್ತಿಗೆ ದರ್ಜಿಯ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನ ಎರಡೂ ಕೈಯಲ್ಲಿ ದಾರ ಸಿಕ್ಕಿಕೊಂಡಿತ್ತು.

"ತೆಗೆದು ನೋಡೋ, ಎಲ್ಲಿದ್ದಾಳೆ?" ಅವನು ಜೊತೆಗಾರನತ್ತ ಜೇಬು ತಿರುಗಿಸಿದ.

ಸೈಕಲ್ ಶಾಪಿನವನು ಕಣ್ಣು ಕಿರಿದು ಮಾಡಿ ಓದಿದ. "ಇಲ್ಲಿಂದ ತೊಂಬತ್ತು ಕಿಲೋಮೀಟರ್ ಆಚೆ. ಹೋಗ್ತಾನೇ ಇದ್ದಾಳೆ."

ದರ್ಜಿ ಕೆಸರಿನ ಮೇಲೇ ಕೂತು ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಎದ್ದು, ಅರ್ಧ ಬಿಡಿಸಿದ್ದ ದಾರದ ಮುಂದಿನ ಸುತ್ತಿಗೆ ಕೈ ಹಾಕಿದ.